ಪಕ್ಕೆ ಸವರುವ ಹೊತ್ತು

ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಮಳೆಗಾಲವೆಲ್ಲ ಬೆಟ್ಟದ ಮೇಲೆ ಮೇಯ್ದ ದನಗಳು ಕಾರ್ತಿಕದಲ್ಲಿ ಊರಿಗೆ ಇಳಿದು ಬಂದಾಗ ಸೀದಾ ಕೊಟ್ಟಿಗೆಗೆ ನುಗ್ಗುವಂತಿಲ್ಲ. ಹಿತ್ತಲ ಬಾಗಿಲಲ್ಲಿ ಮನೆಯ ಹಿರಿಯರು ನಿಂತಿರುತ್ತಾರೆ. ಒಂದೊಂದೇ ದನ ಅವರ ಮುಂದೆ ಹಾದು ಹೋಗಬೇಕು. ಅವರು ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು, ಭುಜದಿಂದ ಸೊಂಟದವರೆಗೆ ನಿಧಾನವಾಗಿ ಸವರುತ್ತಾರೆ. ಕೈಗೆ ಮಾಂಸ ಸಿಕ್ಕಿದರೆ ಬೆಟ್ಟದಲ್ಲಿ ಹುಲ್ಲು ಚೆನ್ನಾಗಿತ್ತು ಎಂದು ಅರ್ಥ. ಮೂಳೆ ಸಿಕ್ಕಿದರೆ ಇಲ್ಲ ಎಂದು ಅರ್ಥ. ಮಾವ ತೀರಿಕೊಂಡ ಮೇಲೆ ಆ ಬಾಗಿಲಲ್ಲಿ ನಿಲ್ಲುತ್ತಿದ್ದವರು ನಮ್ಮ ಅತ್ತೆ.

ನಾನು ಈ ಸೀಮೆಯವಳಲ್ಲ. ಹುಟ್ಟಿದ್ದು ಸತ್ತೇಗಾಲದಲ್ಲಿ. ಅಲ್ಲಿ ಎತ್ತ ನೋಡಿದರೂ ಗದ್ದೆ, ಕಬ್ಬು, ತೆಂಗು, ಕಾಲುವೆ ನೀರು. ಹುಲ್ಲು ಎಂದರೆ ನನಗೆ ಬದುವಿನ ಮೇಲೆ ಬೆಳೆಯುವುದು, ಇಲ್ಲವೇ ಭತ್ತ ಬಡಿದ ಮೇಲೆ ಮೆದೆ ಒಟ್ಟುವುದು. ಮದುವೆಯಾಗಿ ಕೌದಳ್ಳಿಯ ಆಚೆ, ಕಾಡಂಚಿನ ಈ ಊರಿಗೆ ಬಂದಾಗ ಮನೆಯ ದನಗಳೇ ಮನೆಯಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದರೆ ಅತ್ತೆ ಬೆಟ್ಟದ ಕಡೆ ಕೈ ತೋರಿಸಿದರು. ಅಷ್ಟು ದೂರ ಬಿಟ್ಟರೆ ತಪ್ಪಿಸಿಕೊಂಡು ಹೋಗುವುದಿಲ್ಲವೇ ಎಂದೆ. ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ಅತ್ತೆಯ ಬಾಯಲ್ಲಿ ನಾನು "ಗದ್ದೆ ಸೀಮೆಯೋಳು" ಆದೆ. ಸಿಟ್ಟು ಬಂದರೂ ಅದೇ ಹೆಸರು, ಪ್ರೀತಿ ಬಂದರೂ ಅದೇ.

ಬೆಟ್ಟದ ಮೇಲೆ ದನ ಕೂಡುವ ಜಾಗಕ್ಕೆ ದೊಡ್ಡಿ ಎನ್ನುತ್ತಾರೆ. ಮುಳ್ಳುಕೊಂಬೆಗಳನ್ನು ಸುತ್ತ ಒಟ್ಟಿ ಬೇಲಿ ಮಾಡಿ, ರಾತ್ರಿ ದನಗಳನ್ನು ಒಳಗೆ ಹಾಕಿ, ಹಗಲು ಸುತ್ತಲಿನ ಹುಲ್ಲುಗಾವಲಲ್ಲಿ ಮೇಯಿಸುವುದು. ಮುಂಗಾರು ಹಿಡಿದು ಹೊಲಕ್ಕೆ ರಾಗಿ ಬಿದ್ದರೆ ಊರಲ್ಲಿ ದನ ಮೇಯಲು ಜಾಗ ಇರುವುದಿಲ್ಲ, ಆಗ ಮೇಲಕ್ಕೆ. ರಾಗಿ ಕೊಯ್ದು ಹೊಲ ಬರಿದಾದ ಮೇಲೆ ಕೆಳಕ್ಕೆ. ದೊಡ್ಡಿಯೊಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಮಾದಪ್ಪನ ಜಾಗ ಅದು ಎಂಬ ನಂಬಿಕೆ. ನಮ್ಮ ದೊಡ್ಡಿಯಲ್ಲಿ ಇರುತ್ತಿದ್ದವನು ಒಬ್ಬ ದನಗಾಹಿ. ತಮಿಳುನಾಡಿನ ಗಡಿಯ ಕಡೆಯವನು. ಮಾವನ ಕಾಲದಿಂದಲೂ ನಮ್ಮಲ್ಲೇ ಇದ್ದು ಮುದುಕನಾದವನು.

ಮದುವೆಯಾದ ಹೊಸತರಲ್ಲಿ ಅತ್ತೆ ನನ್ನನ್ನು ಒಮ್ಮೆ ಮೇಲಕ್ಕೆ ಕರೆದುಕೊಂಡು ಹೋಗಿದ್ದರು. ಅವರು ರಾಗಿಹಿಟ್ಟಿನ ಗಂಟು ಹೊತ್ತು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಕಾಡು ಮುಗಿದು ನೆತ್ತಿ ಬಂದಾಗ ನಾನು ನಿಂತುಬಿಟ್ಟೆ. ಅಷ್ಟು ಹುಲ್ಲನ್ನು ನಾನು ಕಂಡಿರಲೇ ಇಲ್ಲ. ಎದೆಮಟ್ಟದ ಹುಲ್ಲು, ಒಂದು ಗುಡ್ಡ ಇಳಿದು ಇನ್ನೊಂದು ಗುಡ್ಡ ಏರಿ ಹೋಗುತ್ತಿತ್ತು. ನಡುನಡುವೆ ದನಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅತ್ತೆ ಒಂದು ಚಪ್ಪಟೆ ಬಂಡೆಯ ಮೇಲೆ ಉಪ್ಪು ಸುರಿದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. ಎಲ್ಲೆಲ್ಲಿಂದಲೋ ದನಗಳು ಓಡಿ ಬಂದವು. ಊರಲ್ಲಿ ಸದಾ ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಹೆಂಗಸು ಅವತ್ತು ದನಗಳ ನಡುವೆ ನಿಂತು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆಗೆಲ್ಲ ದೊಡ್ಡಿ ಒಂದೇ ಕಡೆ ಇರುತ್ತಿರಲಿಲ್ಲ. ಒಂದು ವರ್ಷ ಇಲ್ಲಿ ಇದ್ದರೆ ಮರುವರ್ಷ ಬೇಲಿ ಕಿತ್ತು ಬೇರೆ ಗುಡ್ಡದಲ್ಲಿ ಹಾಕುತ್ತಿದ್ದರು. ಬಿಟ್ಟು ಹೋದ ಜಾಗದಲ್ಲಿ ಸಗಣಿ ಮಣ್ಣಿಗೆ ಸೇರಿ, ಎರಡು ಮಳೆ ಕಂಡು, ಒಳ್ಳೆಯ ಹುಲ್ಲು ಏಳುತ್ತಿತ್ತು. ಬೇಸಿಗೆ ಶುರುವಾಗುವ ಮುಂಚೆ ಒಣಗಿದ ಹುಲ್ಲಿಗೆ ಅಲ್ಲಲ್ಲಿ ಬೆಂಕಿ ಇಡುತ್ತಿದ್ದರು. ಅದು ಸುರ್ರೆಂದು ಮೇಲಿನ ಕಡ್ಡಿ ಸುಟ್ಟು ಆರಿಹೋಗುತ್ತಿತ್ತು. ಬೇರಿಗೆ ಬಿಸಿಯೂ ತಾಗುತ್ತಿರಲಿಲ್ಲವಂತೆ. ಭರಣಿ ಮಳೆ ಬಿದ್ದರೆ ಹೊಸ ಚಿಗುರು. ಇದೆಲ್ಲ ಸರಿಯಾಗೇ ಇತ್ತು ಎಂದು ನಾನು ವಕಾಲತ್ತು ವಹಿಸುವುದಿಲ್ಲ. ಆ ಬೆಂಕಿ ಗಾಳಿಗೆ ಸಿಕ್ಕಿ ಕಾಡಿಗೆ ನುಗ್ಗಿದ್ದೂ ಉಂಟು ಎಂದು ಮಾವನೇ ಹೇಳಿದ್ದರು.

ಆಮೇಲೆ ಕಾಲ ಬದಲಾಯಿತು. ಕಾಡಿಗೆ ಕಾನೂನು ಬಂತು, ಬರಬೇಕಾದದ್ದೇ. ಬೆಂಕಿ ಇಡುವಂತಿಲ್ಲ, ಬೇಕಾದ ಕಡೆ ದೊಡ್ಡಿ ಹಾಕುವಂತಿಲ್ಲ, ಇದ್ದದ್ದು ಇದ್ದಲ್ಲೇ ಇರಬೇಕು. ಅಷ್ಟಕ್ಕೆ ನಿಂತಿದ್ದರೆ ಹೇಗೋ ಏನೋ. ನಮ್ಮ ಯಜಮಾನರು ಅದಕ್ಕೆ ಇನ್ನೊಂದು ಸೇರಿಸಿದರು. ಹೇಗೂ ಇಲ್ಲೇ ಇರಬೇಕಲ್ಲ ಎಂದು ಮುಳ್ಳುಬೇಲಿ ತೆಗೆದು ಕಬ್ಬಿಣದ ಬಲೆ ಕಟ್ಟಿಸಿದರು. ದನಗಾಹಿಗೆ ತಗಡಿನ ಶೀಟಿನ ಗುಡಿಸಲು ಮಾಡಿದರು. ಸಿಮೆಂಟಿನ ನೀರಿನ ತೊಟ್ಟಿ ಕಟ್ಟಿದರು. ಸೋಲಾರ್ ದೀಪ ಹಾಕಿದರು. ಊರಿನವರೆಲ್ಲ ಹೋಗಿ ನೋಡಿಕೊಂಡು ಬಂದು ಹೊಗಳಿದ್ದೇ ಹೊಗಳಿದ್ದು. ಅತ್ತೆ ಒಬ್ಬರೇ ಮೂಗು ಮುರಿದರು.

"ದೊಡ್ಡಿ ಅಂದ್ರೆ ಎತ್ತಿ ಎತ್ತಿ ಮಡಗೋದು ಕಣ್ಲಾ. ನೀನು ಅದ ಹೂತ್ಬುಟ್ಟೆ," ಎಂದರು.

ಯಜಮಾನರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಅಷ್ಟೆ. ಮಗ ಅನುಕೂಲ ಮಾಡಿದರೂ ಈ ಹೆಂಗಸಿಗೆ ಕೊಂಕು ಎಂದುಕೊಂಡೆ.

ವರ್ಷ ವರ್ಷಕ್ಕೂ ಇಳಿದು ಬರುವ ದನಗಳ ಹೊಟ್ಟೆ ಒಳಕ್ಕೆ ಹೋಗುತ್ತ ಬಂತು. ಪಕ್ಕೆ ಸವರುವಾಗ ಅತ್ತೆಯ ಮುಖ ನೋಡಲು ಆಗುತ್ತಿರಲಿಲ್ಲ. ಅವರ ಮಂಡಿ ಕೆಟ್ಟು ಬೆಟ್ಟ ಹತ್ತುವುದು ನಿಂತು ಬಹಳ ಕಾಲವಾಗಿತ್ತು. ಒಂದು ಮಳೆಗಾಲದ ನಡುವೆ ನನ್ನನ್ನು ಕರೆದು ಹೇಳಿದರು:

"ನೋಡಮ್ಮಿ, ನೀ ಒಂದ್ಸಲ ಮ್ಯಾಲಕ್ ಓಗಿ ಬಾ. ಅಲ್ಲಿ ಉಲ್ಲು ಎಂಗದೆ ಅಂತ ಕಣ್ಣಾರೆ ನೋಡ್ಕಬಂದು ನಂಗೆ ಯೋಳು. ನನ್ ಮಗನ್ನ ಕೇಳುದ್ರೆ ಚೆನ್ನಾಗದೆ ಅಂತಾನೆ, ದನಗಾಹಿಯ ಕೇಳುದ್ರೆ ಮಳೆಯ ಬಯ್ತಾನೆ."

ಐವತ್ತು ದಾಟಿದ ನನ್ನ ಸೊಂಟಕ್ಕೆ ಬೆಟ್ಟ ಬೇಕಿತ್ತೇ? ಗೊಣಗಿಕೊಂಡೇ ಹೊರಟೆ. ಹಿಂದೆ ನಡೆದ ದಾರಿ ದಾರಿಯಾಗಿ ಉಳಿದಿರಲಿಲ್ಲ. ಎರಡೂ ಕಡೆಯಿಂದ ಲಂಟಾನ ಬೆಳೆದು ತಲೆಯ ಮೇಲೆ ಕೂಡಿಕೊಂಡಿತ್ತು. ಬಗ್ಗಿ ಬಗ್ಗಿ ನಡೆದು, ಸೆರಗು ಮುಳ್ಳಿಗೆ ಸಿಕ್ಕಿ ಹರಿದು, ಮಾದಪ್ಪನನ್ನೂ ಯಜಮಾನರನ್ನೂ ಒಟ್ಟಿಗೇ ಬಯ್ದುಕೊಂಡು ಮೇಲೆ ಮುಟ್ಟಿದೆ.

ದೊಡ್ಡಿಯ ಸುತ್ತ ಹುಲ್ಲಿನ ಗುರುತೇ ಇರಲಿಲ್ಲ. ವರ್ಷಗಟ್ಟಲೆ ಅದೇ ಜಾಗದಲ್ಲಿ ತುಳಿದು, ಅದೇ ಜಾಗದಲ್ಲಿ ಸಗಣಿ ಬಿದ್ದು, ನೆಲ ಕೊಳೆತ ಗೊಬ್ಬರದ ಗುಂಡಿಯ ಹಾಗಾಗಿತ್ತು. ಅದರ ಮೇಲೆ ಉಮ್ಮತ್ತಿ ಗಿಡ, ಲಂಟಾನ ಸೊಕ್ಕಿ ಬೆಳೆದಿದ್ದವು. ಇಲ್ಲಿ ಹೀಗಾಯಿತು, ಆಚೆ ಗುಡ್ಡದಲ್ಲಾದರೂ ಇರಬೇಕಲ್ಲ ಎಂದು ನಡೆದೆ. ಅಲ್ಲಿ ಹುಲ್ಲಿತ್ತು. ಆದರೆ ಮೇಯುವವರಿಲ್ಲದೆ, ಸುಡುವವರಿಲ್ಲದೆ, ಹಳೆಯ ಕಡ್ಡಿಯ ಮೇಲೆ ಹಳೆಯ ಕಡ್ಡಿ ಬಿದ್ದು ಚಾಪೆಯ ಹಾಗೆ ಒತ್ತಾಗಿತ್ತು. ಅದರೊಳಗಿಂದ ಚಿಗುರು ಮೇಲೆ ಬರಲು ದಾರಿಯೇ ಇರಲಿಲ್ಲ. ನಡುವೆ ಗಿಡಮರಗಳು ಎದ್ದು ಬಯಲನ್ನು ನುಂಗುತ್ತಿದ್ದವು. ಒಂದೇ ಬೆಟ್ಟ. ಒಂದು ಕಡೆ ಅತಿಯಾಗಿ ತುಳಿದು ಹಾಳಾಗಿತ್ತು, ಇನ್ನೊಂದು ಕಡೆ ಯಾರೂ ಮುಟ್ಟದೆ ಹಾಳಾಗಿತ್ತು. ನಾನು ಹೊಸ ಮದುಮಗಳಾಗಿ ನೋಡಿದ ಆ ಹುಲ್ಲು ಇಲ್ಲೇ ಇತ್ತು ಎಂದು ನನಗೇ ನಂಬಿಕೆ ಬರಲಿಲ್ಲ.

ದನಗಾಹಿ ನನಗೆ ಕರಿ ಕಾಪಿ ಕಾಯಿಸಿ ಕೊಟ್ಟ.

"ಮಳೆ ಮಾತು ಕೇಳ್ತಿಲ್ಲ ತಾಯಿ," ಎಂದ. "ಬಂದ್ರೆ ಒಂದೇ ದಪ ಸುರಿದು ಮಣ್ಣೆಲ್ಲಾ ಕೊಚ್ಕಂಡು ಓಯ್ತದೆ. ಆಮ್ಯಾಲೆ ವೆಯ್ಲು, ಬರೀ ಬಿಸ್ಲು. ಮೊಳೆತ ಪುಲ್ಲು ಅಲ್ಲೇ ಕಾಯ್ದು ಸತ್ತೋಯ್ತದೆ. ಮುಂಚೆ ಮಾಗೀಲಿ ಇಬ್ನಿ ಬಿದ್ದು ಕಾಲೆಲ್ಲಾ ಒದ್ದೆ ಆಗೋದು. ಈಗ ಇಬ್ನಿಯೂ ಇಲ್ಲ."

ಮಳೆಯದೇ ತಪ್ಪು ಎನ್ನಲೇ, ಕಬ್ಬಿಣದ ಬಲೆಯದೇ ತಪ್ಪು ಎನ್ನಲೇ, ಬೆಂಕಿ ನಿಲ್ಲಿಸಿದ್ದು ತಪ್ಪು ಎನ್ನಲೇ? ಇಳಿಯುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಯಾರೋ ಒಬ್ಬರನ್ನು ಹಿಡಿದು ಬಯ್ಯುವುದು ನನಗೆ ಬಹಳ ಸಲೀಸು, ಮನೆಯವರೆಲ್ಲ ಬಲ್ಲರು. ಆದರೆ ಅವತ್ತು ಬಯ್ಯಲು ಒಬ್ಬರೂ ಪೂರ್ತಿಯಾಗಿ ಸಿಗಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕೈ ಹಾಕಿದ್ದರು. ಅತ್ತೆಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಮರುವರ್ಷ ದನ ಮೇಲಕ್ಕೆ ಹೋಗುವ ಹೊತ್ತಿಗೆ ಮನೆಯಲ್ಲಿ ಜಗಳವಾಯಿತು.

"ಅವ್ವ, ಈ ವರ್ಷ ಮಾರ್ಬುಡವ," ಎಂದರು ಯಜಮಾನರು. "ಎರಡು ಸೀಮೆ ಹಸ ಕಟ್ಕಂಡು ಡೈರಿಗೆ ಆಲು ಆಕ್ಕಂಡು ನೆಮ್ಮದಿಯಾಗಿ ಇರಮ."

"ಸೀಮೆ ಹಸ ಬೆಟ್ಟ ಅತ್ತದಾ?"

"ಯಾಕತ್ಬೇಕು? ಮನೇಲೇ ಕಟ್ಟಾಕಿ ಮೇವು ಆಕೋದು."

"ಅದು ದನ ಸಾಕೋದಲ್ಲ ಕಣ್ಲಾ, ನೆಂಟ್ರ ಸಾಕೋದು."

ನನಗೆ ನಗು ಬಂತು. ಆದರೆ ಯಜಮಾನರು ನಗಲಿಲ್ಲ. ಬೆಟ್ಟದಲ್ಲಿ ಏನೂ ಉಳಿದಿಲ್ಲ, ದನಗಳು ಬರಿ ಹೊಟ್ಟೆಯಲ್ಲಿ ಸಾಯುತ್ತವೆ, ಹಟ ಬಿಡು ಎಂದು ದನಿ ಎತ್ತಿದರು. ಮಾವ ಹಾಸಿಗೆ ಹಿಡಿದು ಮಲಗಿದ್ದ ವರ್ಷಗಳಲ್ಲಿ ಅತ್ತೆ ಆ ದನಗಳನ್ನು ನೆಚ್ಚಿಕೊಂಡೇ ಸಂಸಾರ ಎಳೆದಿದ್ದರು. ದೊಡ್ಡಿಯ ಗೊಬ್ಬರ, ಬೆಣ್ಣೆ, ಹೋರಿಕರು, ಎಲ್ಲ ಅವರ ಕೈಯಿಂದಲೇ ಹೋಗುತ್ತಿದ್ದವು. ಊರಲ್ಲಿ ಯಾರಿಗಾದರೂ ಜೋಡಿ ಎತ್ತು ಬೇಕಾದರೆ ಅವರನ್ನೇ ಕೇಳಿಕೊಂಡು ಬರುತ್ತಿದ್ದರು.

"ದನ ಓದ್ಮ್ಯಾಲೆ ಈ ಮನೇಲಿ ನಾನು ಯಾರಪ್ಪ?" ಎಂದರು ಅತ್ತೆ. "ಮೂಲೇಲಿ ಕೂತು ಮುದ್ದೆ ನುಂಗೋ ಮುದುಕಿ. ಇದೊಂದು ದಪ ಮ್ಯಾಲಕ್ ಓಗ್ಲಿ. ಕಾರ್ತಿಕದಲ್ಲಿ ನಾನೇ ಪಕ್ಕೆ ಸವರ್ತೀನಿ. ಕೈಗೆ ಮೂಳೆ ಸಿಕ್ಕುದ್ರೆ ಅವತ್ತೇ ಮಾರು, ತುಟಿ ಪಿಟಕ್ ಅನ್ನಲ್ಲ. ಸಿಕ್ಕದೇ ಇದ್ರೆ ನಾನು ಸಾಯೋಗಂಟ ಮಾರೋ ಮಾತು ಎತ್ಬೇಡ. ಬೆಟ್ಟ ನನ್ ದನವ ಸಾಕ್ತದೆ."

ಯಜಮಾನರು ಒಪ್ಪಿಕೊಂಡರು. ಒಪ್ಪದೆ ಏನು ಮಾಡುತ್ತಾರೆ, ಗೆಲ್ಲುವುದು ತಾವೇ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ದನ ಹೋದರೆ ನನಗೂ ಕೆಲಸ ಕಡಿಮೆ. ಆದರೂ ಅತ್ತೆಯ ಮುಖ ನೋಡಲಾರದೆ ಅಡುಗೆಮನೆಗೆ ಹೋದೆ.

ಆ ಮಳೆಗಾಲ ಹಿಂದಿನವುಗಳಿಗಿಂತ ಕೆಟ್ಟದಾಗಿತ್ತು. ಮೊದಲು ಒಂದು ಸಂಜೆ ಬಂದ ಮಳೆ ಹೊಲದ ಬದುಗಳನ್ನೆಲ್ಲ ಕಿತ್ತುಕೊಂಡು ಹೋಯಿತು. ಆಮೇಲೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಉಳಿಯಿತು. ಆರಿದ್ರ ಬರಲಿಲ್ಲ, ಪುನರ್ವಸು ಬರಲಿಲ್ಲ. ರಾಗಿ ಪೈರು ಮೊಣಕಾಲಿಗೂ ಬರಲಿಲ್ಲ. ಜಗಲಿಯ ಮೇಲೆ ಕೂತು ಅತ್ತೆ ಬೆಟ್ಟವನ್ನೇ ನೋಡುತ್ತಿದ್ದರು. ನೆತ್ತಿಯ ಮೇಲೆ ಮೋಡ ಕಟ್ಟಿದರೆ ಆ ದಿನ ಎರಡು ಮಾತು ಹೆಚ್ಚು ಆಡುತ್ತಿದ್ದರು.

ಯಜಮಾನರು ಮಾತ್ರ ಆ ವರ್ಷದಷ್ಟು ಬೆಟ್ಟ ಹತ್ತಿದ್ದನ್ನು ನಾನು ಎಂದೂ ನೋಡಿರಲಿಲ್ಲ. ದನಗಾಹಿಗೆ ಹಿಟ್ಟು ಕೊಡಬೇಕು, ನೀರಿನ ತೊಟ್ಟಿ ಸೋರುತ್ತಿದೆ, ಬಲೆ ಕಿತ್ತುಹೋಗಿದೆ, ಪ್ರತಿಸಲ ಒಂದು ನೆಪ. ಬೆಳಗ್ಗೆ ಕೌದಳ್ಳಿಗೆ ಎಂದು ಹೋದರೆ ಬರುವುದು ಸಂಜೆ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೆನ್ನೆ ಒಳಕ್ಕೆ ಹೋಯಿತು, ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ಶುಗರ್ ಇರಬೇಕು, ಕೊಳ್ಳೇಗಾಲಕ್ಕೆ ಹೋಗಿ ರಕ್ತ ತೋರಿಸಿ ಎಂದು ನಾನು ತಲೆ ತಿಂದೆ. "ನಿನ್ ಬಾಯಿ ಮುಚ್ಕಂಡಿದ್ರೆ ಎಲ್ಲಾ ಸರಿಯೋಯ್ತದೆ" ಎಂದು ನನ್ನ ಬಾಯಿಗೇ ಬೀಗ ಹಾಕಿದರು. ಮಾರುವ ಯೋಚನೆಯಲ್ಲಿ ದಲ್ಲಾಳಿಗಳ ಹಿಂದೆ ಅಲೆಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಹೆತ್ತ ತಾಯಿಗೆ ಹೀಗೆ ಮಾಡುತ್ತಾರಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕಾರ್ತಿಕದಲ್ಲಿ ದನ ಇಳಿದವು. ಅತ್ತೆ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು, ಹಿತ್ತಲ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದರು. ಮೊದಲ ಹಸು ಬಂತು. ಅತ್ತೆ ಅಂಗೈ ಇಟ್ಟು ಸವರಿದರು. ಮತ್ತೊಂದು ಸಲ ಸವರಿದರು. ತಿರುಗಿ ನನ್ನನ್ನು ನೋಡಿದರು. ನಾನೂ ಹತ್ತಿರ ಹೋಗಿ ಕೈ ಇಟ್ಟೆ. ಮೂಳೆ ಸಿಗಲಿಲ್ಲ. ಎರಡನೆಯದರಲ್ಲೂ ಸಿಗಲಿಲ್ಲ, ಅದರ ಹಿಂದಿನದರಲ್ಲೂ ಸಿಗಲಿಲ್ಲ. ಬಹಳ ಕೊಬ್ಬಿರಲಿಲ್ಲ ನಿಜ, ಆದರೆ ಮೈ ತುಂಬಿತ್ತು, ಕೂದಲು ಹೊಳೆಯುತ್ತಿತ್ತು.

"ಏನಪ್ಪ," ಎಂದರು ಅತ್ತೆ ಮಗನ ಕಡೆ ತಿರುಗಿ. "ಇನ್ನೇನು ಅಂತೀಯೆ?"

"ನೀನೇ ಗೆದ್ದೆ ಬುಡವ್ವ," ಎಂದರು ಯಜಮಾನರು. ಸೋತವರ ಮುಖ ಅದಾಗಿರಲಿಲ್ಲ. ಅತ್ತೆ ಅವತ್ತು ಸಂಜೆ ಪಾಯಸ ಮಾಡಿಸಿ ಕೇರಿಗೆಲ್ಲ ಹಂಚಿಸಿದರು. ಬೆಟ್ಟ ಎಲ್ಲಾದರೂ ಕೈ ಬಿಡುತ್ತದೆಯೇ ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮಾರನೆಯ ಬೆಳಗ್ಗೆ ನಾನು ಕೊಟ್ಟಿಗೆ ಗುಡಿಸುತ್ತಿದ್ದೆ. ಅತ್ತೆ ಕೋಲೂರಿಕೊಂಡು ಬಂದು, ನನ್ನ ಮಂಕರಿಯಿಂದ ಒಂದು ಹಿಡಿ ಸಗಣಿ ತೆಗೆದುಕೊಂಡು ಬೆರಳಲ್ಲಿ ಹಿಸುಕಿದರು. ಬೆಟ್ಟದ ಹುಲ್ಲು ತಿಂದ ದನದ ಸಗಣಿ ಕಡುಹಸಿರು, ನುಣ್ಣಗೆ ಇರುತ್ತದೆ. ಇದು ಹಳದಿ ತಿರುಗಿತ್ತು. ಒಳಗೆ ಚೂರು ಚೂರು ಕಡ್ಡಿ. ಅತ್ತೆ ಒಂದು ಕಡ್ಡಿಯನ್ನು ಉಗುರಲ್ಲಿ ಎತ್ತಿ ನನ್ನ ಮುಖದ ಮುಂದೆ ಹಿಡಿದರು.

"ಏನಮ್ಮಿ ಇದು, ಗದ್ದೆ ಸೀಮೆಯೋಳೆ?"

ನೋಡಿದ ಕೂಡಲೇ ಗುರುತಾಯಿತು. ಅದು ಭತ್ತದ ಹುಲ್ಲು. ಈ ಊರ ಸುತ್ತಮುತ್ತ ಭತ್ತ ಬೆಳೆಯುವವರೇ ಇಲ್ಲ. ಕೈ ತೊಳೆದುಕೊಂಡು ಸತ್ತೇಗಾಲದ ನನ್ನ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಬಾವ ಬಂದು ಕೇಳುದ್ರು, ಕೊಟ್ಟೆ ಕಣವ್ವ," ಎಂದ. "ನಮ್ ಮೆದೆ ಪೂರ್ತಿ ಖಾಲಿ ಆಯ್ತು. ಗೂಡ್ಸ್ ಆಟೋಲಿ ಬೆಟ್ಟದ ಬುಡುಕ್ ಓಯ್ತಿತ್ತು. ಅಲ್ಲಿಂದ ಮ್ಯಾಲಕ್ಕೆ ಬಾವನೇ ಒತ್ಕಂಡು ಓಗ್ತಿದ್ರು. ಅವ್ರವ್ವಂಗೆ ಯೋಳ್ಬೇಡ ಅಂದಿದ್ರು. ಯಾಕೆ, ಏನಾಯ್ತು?"

ಏನಿಲ್ಲ ಎಂದು ಫೋನ್ ಇಟ್ಟೆ. ಮಾರಬೇಕು ಎಂದು ಹಟ ಹಿಡಿದಿದ್ದ ಮನುಷ್ಯ, ತಾನು ಸುಮ್ಮನೆ ಕೈಕಟ್ಟಿ ಕೂತಿದ್ದರೆ ಗೆಲ್ಲುತ್ತಿದ್ದ ಮನುಷ್ಯ, ಮಳೆಗಾಲವೆಲ್ಲ ಆ ಲಂಟಾನದ ದಾರಿಯಲ್ಲಿ ಬೆನ್ನು ಬಗ್ಗಿಸಿ ಹುಲ್ಲಿನ ಹೊರೆ ಹೊತ್ತಿದ್ದರು. ಹುಲ್ಲಿನ ಬೆಟ್ಟಕ್ಕೆ ಹುಲ್ಲು ಹೊತ್ತಿದ್ದರು. ನನಗೆ ನಿಂತಲ್ಲೇ ಕಣ್ಣಲ್ಲಿ ನೀರು ಬಂತು. ಅವರನ್ನು ದಲ್ಲಾಳಿಗಳ ಜೊತೆ ಸೇರಿಸಿ ನಾನು ಎಷ್ಟು ಬಯ್ದುಕೊಂಡಿದ್ದೆ.

ಅತ್ತೆಗೆ ಏನು ಹೇಳಲಿ ಎಂದು ತಿರುಗಿದೆ. ಹೇಳುವುದೇನೂ ಉಳಿದಿರಲಿಲ್ಲ. ಅಣ್ಣ ಫೋನಿನಲ್ಲಿ ಕೂಗಿ ಕೂಗಿ ಮಾತಾಡುವವನು, ಅವರು ಪಕ್ಕದಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಿದ್ದರು. ಆ ಕಡ್ಡಿಯನ್ನು ಎಸೆದು ಸೆರಗಿಗೆ ಕೈ ಒರೆಸಿಕೊಂಡರು.

ಅತ್ತೆ ಒಂದು ಮಾತೂ ಆಡದೆ ಇದ್ದಿದ್ದರೆ ದನಗಳು ಅವರವೇ. ಪಕ್ಕೆ ಸವರಿ ಆಗಿತ್ತು, ಪಾಯಸ ಹಂಚಿ ಆಗಿತ್ತು. ಸಗಣಿಯ ವಿಚಾರ ನಮ್ಮಿಬ್ಬರನ್ನು ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಡಿ ಅತ್ತೆ ಎಂದು ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಅಷ್ಟರಲ್ಲಿ ಜಗಲಿಯ ಕಡೆ ನಡೆದಿದ್ದರು. ನಾನು ಹಿಂದೆಯೇ ಹೋದೆ.

ಯಜಮಾನರು ಜಗಲಿಯ ಮೇಲೆ ಕಾಪಿ ಕುಡಿಯುತ್ತ ಕೂತಿದ್ದರು.

"ಅಂಗಿ ಬಿಚ್ಚು," ಎಂದರು ಅತ್ತೆ.

"ಯಾಕವ್ವ?"

"ಬಿಚ್ಚು ಅಂದೆ."

ಅವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಲೋಟ ಕೆಳಗಿಟ್ಟು ಅಂಗಿ ತೆಗೆದರು. ಎರಡೂ ಹೆಗಲ ಮೇಲೆ ಹಗ್ಗ ಉಜ್ಜಿ ಉಜ್ಜಿ ಚರ್ಮ ಕಪ್ಪುಗಟ್ಟಿತ್ತು. ಕತ್ತಲಲ್ಲಿ ಎದ್ದು ಕತ್ತಲಲ್ಲಿ ಮಲಗುವ ಮನೆಯಲ್ಲಿ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅತ್ತೆ ಮಗನ ಪಕ್ಕದಲ್ಲಿ ಬಂದು ನಿಂತು, ಹೆಗಲಿನ ಕೆಳಗೆ ಅಂಗೈ ಇಟ್ಟು, ಸೊಂಟದವರೆಗೆ ನಿಧಾನವಾಗಿ ಸವರಿದರು. ಒಂದೊಂದು ಎಲುಬಿನ ಮೇಲೂ ಅವರ ಬೆರಳು ಹತ್ತಿ ಇಳಿಯುವುದು ನನಗೆ ಕಾಣುತ್ತಿತ್ತು.

"ಸಿಕ್ತು," ಎಂದರು. "ಮೂಳೆ ಸಿಕ್ತು ಕಣಪ್ಪ. ಮಾತು ಅಂದ್ರೆ ಮಾತು. ಮಾರ್ಬುಡು."

"ನೀ ಯೋಳಿದ್ದು ದನದ ಪಕ್ಕೆ ಅಲ್ವಾ ಅವ್ವ," ಎಂದರು ಯಜಮಾನರು.

"ಬೆಟ್ಟ ನನ್ ದನವ ಸಾಕ್ತದೆ ಅಂದಿದ್ದೆ. ನನ್ ಮಗನ ತಿಂದು ಸಾಕ್ಲಿ ಅಂದಿರ್ಲಿಲ್ಲ."

ಕೆಳಗೆ ಬಿದ್ದಿದ್ದ ಅಂಗಿಯನ್ನು ಕೋಲಿನ ತುದಿಯಿಂದ ಎತ್ತಿ ಅವರ ಕೈಗೆ ಕೊಟ್ಟು, ಕೊಟ್ಟಿಗೆಯ ಕಡೆ ನೋಡದೆ ಒಳಗೆ ಹೋದರು.